ಪ್ರವಾಸ ವಿಮೆಯ ಕ್ಲೇಮು ತಿರಸ್ಕಾರವಾದರೆ ಮುಂದೇನು? ಟಿಕೆಟ್ ಬುಕ್ ಮಾಡುವ ದಿನದಿಂದ ಗ್ರಾಹಕ ಆಯೋಗದವರೆಗೆ

ವಿಮಾ ಕಂಪನಿಯಿಂದ ‘ನಿಮ್ಮ ಕ್ಲೇಮನ್ನು ಪರಿಗಣಿಸಲು ಸಾಧ್ಯವಿಲ್ಲ’ ಎಂಬ ಮೇಲ್ ಬಂದರೆ ಹೆಚ್ಚಿನವರು ಅಲ್ಲಿಗೇ ಕೈಚೆಲ್ಲುತ್ತಾರೆ. ದೊಡ್ಡ ಕಂಪನಿ, ಇಂಗ್ಲಿಷ್ ಪತ್ರ, ಯಾವುದೋ ಷರತ್ತಿನ ನಂಬರು. ಇನ್ನು ಇವರ ಜೊತೆ ಯಾರು ಗುದ್ದಾಡುತ್ತಾರೆ ಎಂದು ಸುಮ್ಮನಾಗುತ್ತಾರೆ. ಆದರೆ ಆ ಪತ್ರದ ನಂತರ ನಿಮಗೆ ಇನ್ನೂ ಮೂರು ಬಾಗಿಲುಗಳಿವೆ. ಅವುಗಳಲ್ಲಿ ಎರಡಕ್ಕೆ ಒಂದು ಪೈಸೆ ಶುಲ್ಕವಿಲ್ಲ, ಮೂರನೆಯದಕ್ಕೂ ನಮ್ಮ ನಿಮ್ಮಂಥವರು ಕಟ್ಟಬೇಕಾದ್ದು ಸಾಮಾನ್ಯವಾಗಿ ಏನೂ ಇರುವುದಿಲ್ಲ. ಯಾವ ಬಾಗಿಲನ್ನು ಯಾವಾಗ ತಟ್ಟಬೇಕು, ಅಲ್ಲಿಗೆ ಹೋಗುವಾಗ ಕೈಯಲ್ಲಿ ಯಾವ ಕಾಗದ ಇರಬೇಕು ಎನ್ನುವುದು ಗೊತ್ತಿರಬೇಕು, ಅಷ್ಟೇ. ಆ ಕಾಗದಗಳ ತಯಾರಿ ಶುರುವಾಗುವುದು ಟಿಕೆಟ್ ಬುಕ್ ಮಾಡುವ ದಿನ. ಹಾಗಾಗಿ ನಾನೂ ಅಲ್ಲಿಂದಲೇ ಹೇಳುತ್ತಾ ಬರುತ್ತೇನೆ.

ಮೊದಲು, ಇದನ್ನು ನೋಡಿಕೊಳ್ಳುವವರು ಯಾರು

ಭಾರತದಲ್ಲಿ ವಿಮಾ ಕಂಪನಿಗಳ ಮೇಲೆ ಅಧಿಕಾರ ಇರುವುದು ಹೈದರಾಬಾದಿನಲ್ಲಿರುವ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ. ಜನ ಇದನ್ನು ಐಆರ್‌ಡಿಎಐ ಎನ್ನುತ್ತಾರೆ. 1999ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. 1938ರ ವಿಮಾ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ‘ಆರೋಗ್ಯ ವಿಮೆ’ ಎಂಬ ವ್ಯಾಖ್ಯೆಯೊಳಗೆ ಪ್ರವಾಸ ವಿಮೆಯೂ ಬರುತ್ತದೆ. ಈ ಒಂದು ಸಾಲು ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಆರೋಗ್ಯ ವಿಮೆಯ ಪಾಲಿಸಿದಾರರ ರಕ್ಷಣೆಗೆಂದು ಪ್ರಾಧಿಕಾರ ಮಾಡಿರುವ ಹಲವು ನಿಯಮಗಳನ್ನು ನೀವು ಪ್ರವಾಸ ವಿಮೆಯ ಜಗಳದಲ್ಲೂ ಮುಂದಿಡಬಹುದು.

ಪಾಲಿಸಿ ಎಲ್ಲಿಯದು ಎನ್ನುವುದನ್ನು ಈಗಲೇ ನೋಡಿಕೊಳ್ಳಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನಿಗೆ ಅಳಿಯ ಅಲ್ಲಿಂದಲೇ ಆನ್‌ಲೈನಿನಲ್ಲಿ ಅಮೆರಿಕದ ಕಂಪನಿಯ ವಿಸಿಟರ್ ಇನ್ಶೂರೆನ್ಸ್ ಕೊಂಡಿರುತ್ತಾನೆ. ಆಗ ಹೈದರಾಬಾದಿಗೆ ದೂರು ಕೊಟ್ಟು ಪ್ರಯೋಜನವಿಲ್ಲ. ಅಮೆರಿಕದಲ್ಲಿ ವಿಮೆಯ ನಿಯಂತ್ರಣ 1945ರ ಮೆಕ್ಯಾರನ್ ಫರ್ಗ್ಯುಸನ್ ಕಾಯ್ದೆಯ ಕಾಲದಿಂದಲೂ ಆಯಾ ರಾಜ್ಯದ ಕೈಯಲ್ಲಿದೆ. ಅಳಿಯ ಟೆಕ್ಸಾಸಿನಲ್ಲಿದ್ದರೆ ಟೆಕ್ಸಾಸ್ ವಿಮಾ ಇಲಾಖೆ, ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿಯದು. ಅಲ್ಲಿನ ರಾಜ್ಯ ವಿಮಾ ಆಯುಕ್ತರ ಸಂಘ 2018ರಲ್ಲಿ ಪ್ರವಾಸ ವಿಮೆಗೊಂದು ಮಾದರಿ ಕಾಯ್ದೆ ರೂಪಿಸಿತು. ಅದನ್ನು ಒಪ್ಪಿಕೊಂಡ ರಾಜ್ಯಗಳಲ್ಲಿ ಪ್ರವಾಸ ವಿಮೆ ಕೊಂಡವರು ದಾಖಲೆ ಅಂಚೆಯಲ್ಲಿ ತಲುಪಿದರೆ 15 ದಿನ, ಬೇರೆ ರೀತಿಯಲ್ಲಿ ತಲುಪಿದರೆ 10 ದಿನದೊಳಗೆ ಅದನ್ನು ರದ್ದು ಮಾಡಿ ಪೂರ್ತಿ ಹಣ ವಾಪಸ್ ಪಡೆಯಬಹುದು. ಪ್ರವಾಸ ಶುರುವಾಗಿರಬಾರದು, ಕ್ಲೇಮು ಹಾಕಿರಬಾರದು. ಅಪ್ಪ ಅಮ್ಮನಿಗೆ ವೀಸಾ ನಿರಾಕರಣೆಯಾದರೆ ಮಕ್ಕಳು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ. ಇಲ್ಲಿಂದ ಮುಂದೆ ನಾನು ಹೇಳುವುದೆಲ್ಲ ಭಾರತದಲ್ಲಿ ಕೊಂಡ ಪಾಲಿಸಿಯ ಬಗ್ಗೆ.

ಹೆಜ್ಜೆ 1: ಬುಕಿಂಗ್ ಪುಟದಲ್ಲಿ ನಿಧಾನಿಸಿ

ವಿಮಾನದ ಟಿಕೆಟ್ ತೆಗೆಯುವಾಗ ಕೊನೆಯ ಪುಟದಲ್ಲಿ ಮೊತ್ತ ತುಸು ಜಾಸ್ತಿಯಾಗಿರುವುದನ್ನು ನೀವೂ ನೋಡಿರಬಹುದು. ಕೇಳದೆಯೇ ವಿಮೆ ಸೇರಿಕೊಂಡಿರುತ್ತದೆ. ಇದು ಕಾನೂನುಬಾಹಿರ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ (ಗ್ರಾಹಕರನ್ನು ದಾರಿತಪ್ಪಿಸುವ ಜಾಲತಾಣದ ತಂತ್ರ) ತಡೆಗೆ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸಗಳನ್ನು ಹೆಸರಿಸಿತು. ಬಳಕೆದಾರರಿಗೆ ತಿಳಿಯದಂತೆ ಬುಟ್ಟಿಗೆ ವಸ್ತು ಸೇರಿಸುವುದಕ್ಕೆ ಅದು ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ವಿಮಾನ ಟಿಕೆಟಿನ ಜೊತೆ ತಾನಾಗಿ ಸೇರುವ ಪ್ರವಾಸ ವಿಮೆ. ವಿಮೆ ಬೇಡ ಎಂದವರಿಗೆ ‘ನಾನು ಸುರಕ್ಷತೆ ಇಲ್ಲದೆಯೇ ಇರುತ್ತೇನೆ’ ಎಂಬ ಅರ್ಥದ ಬಟನ್ ಒತ್ತಿಸಿ ನಾಚಿಕೆಪಡಿಸುವುದು ಇನ್ನೊಂದು. ಹೀಗಾದರೆ ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ರೈಲಿನ ಇ-ಟಿಕೆಟಿನ ವಿಮೆಯ ಮಾತು ಬೇರೆ. ತಲಾ 45 ಪೈಸೆಗೆ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 7.5 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಅದನ್ನು ಬೇಡ ಎನ್ನಬೇಡಿ. ಟಿಕೆಟ್ ಆದ ಮೇಲೆ ವಿಮಾ ಕಂಪನಿಯಿಂದ ಬರುವ ಲಿಂಕ್ ತೆರೆದು ನಾಮಿನಿಯ ಹೆಸರು ತುಂಬಿ. ಬಹಳ ಮಂದಿ ಆ ಸಂದೇಶವನ್ನು ಜಾಹೀರಾತು ಎಂದುಕೊಂಡು ಅಳಿಸಿಬಿಡುತ್ತಾರೆ. ನಾಮಿನಿ ಇಲ್ಲದಿದ್ದರೆ ಮನೆಯವರು ವಾರಸುದಾರರೆಂದು ಸಾಬೀತು ಮಾಡಲು ಅಲೆಯಬೇಕಾಗುತ್ತದೆ.

ಹೆಜ್ಜೆ 2: ಪ್ರಪೋಸಲ್ ಫಾರಂ ನೀವೇ ತುಂಬಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆಸ್ಪತ್ರೆ ಖರ್ಚಿನ ಕ್ಲೇಮುಗಳಿಗೆ ತಕರಾರು ಬಂದಾಗ ಕಂಪನಿ ಮೊದಲು ಕೈಹಾಕುವುದು ‘ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ’ ಎಂಬ ಕಾರಣಕ್ಕೆ. ನಮ್ಮಲ್ಲಿ ಈ ಫಾರಂ, ಅಂದರೆ ವಿಮೆಗೆ ಕೊಡುವ ಅರ್ಜಿ, ತುಂಬುವವರು ಯಾರು? ಟ್ರಾವೆಲ್ ಏಜೆಂಟರ ಆಫೀಸಿನ ಹುಡುಗ. ‘ಬಿಪಿ ಇದೆಯೇ, ಶುಗರ್ ಇದೆಯೇ, ಮಾತ್ರೆ ತಗೊಳ್ತೀರಾ’ ಎಂಬ ಪ್ರಶ್ನೆಗಳಿಗೆ ಅವನು ಕೇಳದೆಯೇ ಎಲ್ಲಕ್ಕೂ ‘ಇಲ್ಲ’ ಒತ್ತಿರುತ್ತಾನೆ. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿರುವ ಅಪ್ಪ ಸಹಿ ಹಾಕಿ ಬಂದಿರುತ್ತಾರೆ. ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಅಪ್ಪನೇ ಡಾಕ್ಟರಿಗೆ ತಮ್ಮ ಮಾತ್ರೆಗಳ ಹೆಸರು ಹೇಳುತ್ತಾರೆ. ಅದು ಡಿಸ್ಚಾರ್ಜ್ ಸಮರಿಯಲ್ಲಿ ಅಚ್ಚಾಗುತ್ತದೆ. ಕಂಪನಿ ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ನೋಡುತ್ತದೆ.

ಪ್ರತಿ ಕಾಯಿಲೆ, ಪ್ರತಿ ಮಾತ್ರೆ ಬರೆಯಿರಿ. ಕೊಲೆಸ್ಟ್ರಾಲ್‌ಗೆ ಕೊಟ್ಟ ಸಣ್ಣ ಗುಳಿಗೆಯನ್ನೂ ಬಿಡಬೇಡಿ. ಪ್ರೀಮಿಯಂ ಸ್ವಲ್ಪ ಹೆಚ್ಚಾಗಬಹುದು, ವೈದ್ಯಕೀಯ ತಪಾಸಣೆಗೆ ಕರೆಯಬಹುದು. ಆಗಲಿ. ಯಾವ ಅಂಕಣವನ್ನೂ ಖಾಲಿ ಬಿಡಬೇಡಿ. ತುಂಬಿದ ಫಾರಂನ ಪ್ರತಿಯನ್ನು ಕಂಪನಿ ನಿಮಗೆ ಕೊಡಬೇಕು. ಕೊಡದಿದ್ದರೆ ಮೇಲ್ ಮಾಡಿ ತರಿಸಿಕೊಳ್ಳಿ. ಅದರಲ್ಲಿ ತಪ್ಪು ಕಂಡರೆ ವಿಮಾನ ಹತ್ತುವ ಮೊದಲೇ ಬರವಣಿಗೆಯಲ್ಲಿ ತಿದ್ದಿಸಿ.

ಹೀಗೆ ಹೇಳಿಕೊಂಡವರ ಕೈಯನ್ನು ನ್ಯಾಯಾಲಯ ಹಿಡಿದಿದೆ. 2009ರಲ್ಲಿ ವಿದೇಶ ಪ್ರವಾಸದ ಮೆಡಿಕ್ಲೇಮ್ ಪಾಲಿಸಿ ಕೊಂಡು ಅಮೆರಿಕಕ್ಕೆ ಹೋದ ವ್ಯಕ್ತಿಯೊಬ್ಬರು ಸ್ಯಾನ್‌ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದಲ್ಲೇ ಅಸ್ವಸ್ಥರಾದರು. ಹೃದಯಾಘಾತ. ಮೂರು ಸ್ಟೆಂಟ್ ಹಾಕಬೇಕಾಯಿತು. ತಮಗೆ ಮಧುಮೇಹ ಇದೆ ಎಂದು ಅವರು ಮೊದಲೇ ತಿಳಿಸಿದ್ದರು, ಪಾಲಿಸಿ ಕೊಡುವ ಮುನ್ನ ವೈದ್ಯಕೀಯ ತಪಾಸಣೆಯೂ ಆಗಿತ್ತು. ಆದರೂ ಕೊಲೆಸ್ಟ್ರಾಲ್ ಮತ್ತು ಮಧುಮೇಹದ ಹಿನ್ನೆಲೆ ತೋರಿಸಿ ಕಂಪನಿ ಕ್ಲೇಮು ತಿರಸ್ಕರಿಸಿತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲೂ ಅವರಿಗೆ ಸೋಲಾಯಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2021ರ ಡಿಸೆಂಬರ್ 6ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್ ಮತ್ತು ಬಿ.ವಿ. ನಾಗರತ್ನ ಅವರ ಪೀಠ ಕಂಪನಿಯ ತಿರಸ್ಕಾರವನ್ನು ರದ್ದು ಮಾಡಿತು. ನಮ್ಮ ಕರ್ನಾಟಕದವರೇ ಆದ ನಾಗರತ್ನ ಅವರು ಬರೆದ ಆ ತೀರ್ಪಿನಲ್ಲಿ ನಿಮಗೆ ನೇರವಾಗಿ ಬೇಕಾದ ಎರಡು ವಿಷಯಗಳಿವೆ. ಆರೋಗ್ಯದ ಸ್ಥಿತಿ ತಿಳಿದು, ಅಳೆದು ಪಾಲಿಸಿ ಕೊಟ್ಟ ಮೇಲೆ ಕಂಪನಿ ಅದೇ ಸ್ಥಿತಿಯನ್ನು ನೆಪ ಮಾಡಿ ಕ್ಲೇಮು ನಿರಾಕರಿಸುವಂತಿಲ್ಲ. ಫಾರಂನಲ್ಲಿ ಅಂಕಣ ಖಾಲಿ ಇದ್ದರೂ ಕೇಳದೆ ಪ್ರೀಮಿಯಂ ತೆಗೆದುಕೊಂಡಿದ್ದರೆ ಆಮೇಲೆ ‘ಮುಚ್ಚಿಟ್ಟಿರಿ’ ಎನ್ನುವಂತಿಲ್ಲ. ನಿಮ್ಮ ಪ್ರಕರಣ ಇದನ್ನು ಹೋಲುತ್ತಿದ್ದರೆ ದೂರಿನಲ್ಲಿ ಈ ತೀರ್ಪಿನ ದಿನಾಂಕ ಬರೆಯಿರಿ. ಪಾಲಿಸಿ ಕೊಂಡಾಗಿನಿಂದ ತೀರ್ಪಿನವರೆಗೆ ಹನ್ನೆರಡು ವರ್ಷ ಆಯಿತು ಎನ್ನುವುದನ್ನೂ ಮರೆಯಬೇಡಿ. ಫಾರಂ ಸರಿಯಾಗಿ ತುಂಬಲು ಬೇಕಾಗುವುದು ಅರ್ಧ ಗಂಟೆ.

ಹೆಜ್ಜೆ 3: ಪಾಲಿಸಿಯಲ್ಲಿ ಓದಲೇಬೇಕಾದ ಜಾಗಗಳು

ಪೂರ್ತಿ ಪಾಲಿಸಿ ಓದುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೆಂದೇ ‘ಗ್ರಾಹಕ ಮಾಹಿತಿ ಪತ್ರ’ ಎಂಬ ಕೆಲವು ಪುಟಗಳ ಸಾರಾಂಶವನ್ನು ಕಂಪನಿ ಕೊಡಬೇಕೆಂಬ ನಿಯಮವಿದೆ. ಏನು ಸೇರಿದೆ, ಏನು ಸೇರಿಲ್ಲ, ಕ್ಲೇಮು ಹೇಗೆ, ದೂರು ಎಲ್ಲಿ ಎಂಬುದು ಸರಳವಾಗಿ ಅದರಲ್ಲಿರಬೇಕು. ಪಾಲಿಸಿದಾರರು ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ‘ಕನ್ನಡದಲ್ಲಿ ಕಳಿಸಿ’ ಎಂದು ಕೇಳಿ. ಕೇಳುವವರು ಹೆಚ್ಚಿದಷ್ಟೂ ಅದು ತಾನಾಗಿ ಬರತೊಡಗುತ್ತದೆ.

ಓದುವಾಗ ಮೊದಲೇ ಇದ್ದ ಕಾಯಿಲೆಯ ಷರತ್ತಿನ ಮೇಲೆ ಕಣ್ಣಿಡಿ. ಅನೇಕ ಪ್ರವಾಸ ಪಾಲಿಸಿಗಳು ಅಂಥ ಕಾಯಿಲೆಗೆ ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಮಾತ್ರ ಹಣ ಕೊಡುತ್ತವೆ. ಹಿರಿಯ ನಾಗರಿಕರ ಪಾಲಿಸಿಯಲ್ಲಿ ಪ್ರತಿ ಕಾಯಿಲೆಗೂ ಪ್ರತ್ಯೇಕ ಮಿತಿ ಇದೆಯೇ ನೋಡಿ. ಮುಖಪುಟದಲ್ಲಿ 1 ಲಕ್ಷ ಡಾಲರ್ ಎಂದಿದ್ದರೂ ಒಳಗೆ ಒಂದೊಂದು ಚಿಕಿತ್ಸೆಗೆ ಇಷ್ಟೇ ಎಂದು ಕತ್ತರಿಸಿರಬಹುದು. ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಮೊತ್ತ ಎಷ್ಟು, ವಿಮಾನ ಎಷ್ಟು ಗಂಟೆ ತಡವಾದರೆ ಪರಿಹಾರ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ರಕ್ಷಣೆ ಬೇಕು, ಅದು ಎಲ್ಲ ಷೆಂಗೆನ್ ದೇಶಗಳಿಗೂ ಇಡೀ ವಾಸ್ತವ್ಯಕ್ಕೂ ಅನ್ವಯಿಸಬೇಕು. ಆ ಮೊತ್ತ ವೀಸಾ ಕೊಡುವವರು ಇಟ್ಟಿರುವ ಕನಿಷ್ಠ ಗೆರೆ. ವಯಸ್ಸಾದವರು ಅದಕ್ಕಿಂತ ಹೆಚ್ಚಿನದನ್ನು ಕೊಳ್ಳುವುದು ಒಳ್ಳೆಯದು.

ಆರೋಗ್ಯ ವಿಮೆ ಕೊಂಡು ಮನಸ್ಸು ಬದಲಾದರೆ 30 ದಿನದಲ್ಲಿ ಹಿಂತಿರುಗಿಸಬಹುದು ಎಂದು ಕೇಳಿರುತ್ತೀರಿ. ಆ ಸೌಲಭ್ಯ ಇರುವುದು ಒಂದು ವರ್ಷ ಅಥವಾ ಹೆಚ್ಚಿನ ಅವಧಿಯ ಪಾಲಿಸಿಗೆ. ಎರಡು ವಾರದ ಪ್ರವಾಸದ ಪಾಲಿಸಿಗೆ ಅದು ಸಿಗದು. ಹೊರಡುವ ಮುನ್ನ ರದ್ದು ಮಾಡಿದರೆ ಎಷ್ಟು ವಾಪಸ್ ಎನ್ನುವುದನ್ನು ಪಾಲಿಸಿಯಲ್ಲೇ ನೋಡಬೇಕು.

ಹೆಜ್ಜೆ 4: ಪ್ರವಾಸದಲ್ಲಿರುವಾಗ

ಆಸ್ಪತ್ರೆಗೆ ಸೇರಿದ ಕೂಡಲೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಜೊತೆಗೆ ಎರಡು ಸಾಲಿನ ಮೇಲ್ ಹಾಕಿ. ಕರೆ ಮಾಡಿದ್ದೆವು ಎಂದು ಆಮೇಲೆ ಸಾಬೀತು ಮಾಡುವುದು ಕಷ್ಟ, ಮೇಲ್‌ಗೆ ದಿನಾಂಕ ಸಮಯ ಇರುತ್ತದೆ. ಒಂದು ವೇಳೆ ಗಾಬರಿಯಲ್ಲಿ ತಡವಾದರೂ ಎದೆಗುಂದಬೇಡಿ. ಅನಿವಾರ್ಯ ಕಾರಣದಿಂದ ತಡವಾಗಿ ತಿಳಿಸಿದ ಮಾತ್ರಕ್ಕೆ ಪ್ರಾಮಾಣಿಕ ಕ್ಲೇಮನ್ನು ತಿರಸ್ಕರಿಸಬಾರದು ಎಂದು ಐಆರ್‌ಡಿಎಐ 2011ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆ.

ಲಗೇಜು ಬರದಿದ್ದರೆ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಡುವ ಮುನ್ನ ಏರ್‌ಲೈನ್ಸ್ ಕೌಂಟರಿನಲ್ಲಿ ಪಿಐಆರ್ (ಪ್ರಾಪರ್ಟಿ ಇರ್ರೆಗ್ಯುಲಾರಿಟಿ ರಿಪೋರ್ಟ್) ಎಂಬ ವರದಿ ಬರೆಸಿಕೊಳ್ಳಿ. ಅದಿಲ್ಲದೆ ಲಗೇಜಿನ ಕ್ಲೇಮು ಮುಂದೆ ಹೋಗುವುದು ಕಷ್ಟ. ವಿಮೆಯ ಹೊರತಾಗಿ ಏರ್‌ಲೈನ್ಸಿನಿಂದಲೂ ಪರಿಹಾರ ಕೇಳುವ ಹಕ್ಕಿದೆ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಸಿಕ್ಕಿದ್ದರೆ ಸಿಕ್ಕ ದಿನದಿಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಪಾಸ್‌ಪೋರ್ಟ್ ಕಳೆದರೆ ಸ್ಥಳೀಯ ಪೊಲೀಸ್ ವರದಿ. ವಿಮಾನ ತಡವಾದರೆ ಕಾರಣ ಮತ್ತು ಗಂಟೆ ನಮೂದಿಸಿದ ಏರ್‌ಲೈನ್ಸಿನ ಪತ್ರ. ಬೋರ್ಡಿಂಗ್ ಪಾಸನ್ನು ಎಸೆಯಬೇಡಿ, ಎಲ್ಲದರ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡಿ.

ಹೆಜ್ಜೆ 5: ತಿರಸ್ಕಾರವನ್ನು ಬರವಣಿಗೆಯಲ್ಲಿ ಪಡೆಯಿರಿ

ಫೋನಿನಲ್ಲಿ ‘ಆಗಲ್ಲ ಸಾರ್’ ಎಂದರೆ ಅದಕ್ಕೆ ಬೆಲೆ ಇಲ್ಲ. ಪಾಲಿಸಿಯ ಯಾವ ಷರತ್ತಿನ ಪ್ರಕಾರ ನಿರಾಕರಿಸಲಾಗಿದೆ ಎಂಬುದನ್ನು ಉಲ್ಲೇಖಿಸಿ ಕಂಪನಿ ಲಿಖಿತವಾಗಿ ತಿಳಿಸಬೇಕು. 2024ರ ಮೇ 29ರ ಐಆರ್‌ಡಿಎಐ ಆರೋಗ್ಯ ವಿಮಾ ಸುತ್ತೋಲೆಯ ಪ್ರಕಾರ ಕಂಪನಿಯ ಒಳಗಿನ ಕ್ಲೇಮು ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ನಿಮ್ಮ ಪತ್ರದಲ್ಲಿ ಈ ಪ್ರಶ್ನೆ ಇರಲಿ: ಆ ಸಮಿತಿ ನನ್ನ ಕ್ಲೇಮನ್ನು ನೋಡಿದೆಯೇ, ಯಾವ ದಿನಾಂಕದಂದು? ಕಂಪನಿಯ ಪರವಾಗಿ ಕ್ಲೇಮುಗಳನ್ನು ನೋಡಿಕೊಳ್ಳುವ ಹೊರಗಿನ ಸಂಸ್ಥೆಯ (ಟಿಪಿಎ) ಗುಮಾಸ್ತರು ಕಳಿಸಿದ ಸಿದ್ಧ ಉತ್ತರವಾಗಿದ್ದರೆ ಇಷ್ಟಕ್ಕೇ ಕಡತ ಮೇಲಿನವರ ಮೇಜಿಗೆ ಹೋಗುವ ಸಾಧ್ಯತೆ ಇದೆ.

ಹೆಜ್ಜೆ 6: ಕಂಪನಿಗೆ ದೂರು, ಜೊತೆಗೇ ಬಿಮಾ ಭರೋಸಾ

ಪ್ರತಿ ಕಂಪನಿಯಲ್ಲೂ ಕುಂದುಕೊರತೆ ಅಧಿಕಾರಿ ಇರುತ್ತಾರೆ, ವಿಳಾಸ ಪಾಲಿಸಿಯ ಕೊನೆಯ ಪುಟಗಳಲ್ಲಿರುತ್ತದೆ. ಅವರಿಗೆ ಬರೆಯುವ ಪತ್ರ ಒಂದೂವರೆ ಪುಟ ಮೀರದಿರಲಿ. ಪಾಲಿಸಿ ಸಂಖ್ಯೆ, ಕ್ಲೇಮು ಸಂಖ್ಯೆ, ಏನಾಯಿತು ಎಂಬುದು ದಿನಾಂಕದ ಪ್ರಕಾರ, ಕಂಪನಿ ಕೊಟ್ಟ ಕಾರಣ, ಅದು ಏಕೆ ತಪ್ಪು, ಎಷ್ಟು ಹಣ ಬರಬೇಕು. ಸಿಟ್ಟು, ಶಾಪ, ಸಮಾಜ ಮಾಧ್ಯಮದಲ್ಲಿ ಹಾಕುತ್ತೇನೆಂಬ ಬೆದರಿಕೆ ಯಾವುದೂ ಬೇಡ. ಇದೇ ಪತ್ರವನ್ನು ಮುಂದೆ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಪು ಕೊಡುವ ಅಧಿಕಾರಿ, ಓದುತ್ತಾರೆ.

ಅದೇ ದೂರನ್ನು ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲಿನಲ್ಲಿ ದಾಖಲಿಸಿ. ಕಂಪ್ಯೂಟರ್ ಬಾರದವರು 155255 ಅಥವಾ 1800 4254 732ಕ್ಕೆ ಕರೆ ಮಾಡಬಹುದು. ಪ್ರಾಧಿಕಾರ ಇಲ್ಲಿ ನ್ಯಾಯಾಧೀಶನಂತೆ ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಬರುವುದನ್ನು ನೋಡಿಕೊಳ್ಳುತ್ತದೆ. ಕಂಪನಿ 14 ದಿನದೊಳಗೆ ದೂರು ಇತ್ಯರ್ಥಪಡಿಸಬೇಕು. ಕ್ಲೇಮಿನ ಹಣ ನಿಗದಿತ ಅವಧಿ ಮೀರಿ ತಡವಾಗಿದ್ದರೆ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ಕ್ಕಿಂತ ಶೇ 2ರಷ್ಟು ಹೆಚ್ಚಿನ ಬಡ್ಡಿ ಸೇರಿಸಿ ಕೇಳಿ. ಕೇಳಿದ್ದು ಕಾಗದದ ಮೇಲಿದ್ದರೆ ಮುಂದಿನ ಬಾಗಿಲಲ್ಲೂ ಅದಕ್ಕೆ ಆಧಾರವಿರುತ್ತದೆ.

ಹೆಜ್ಜೆ 7: ವಿಮಾ ಒಂಬುಡ್ಸ್‌ಮನ್

ಕರ್ನಾಟಕದವರಿಗೆ ಒಂಬುಡ್ಸ್‌ಮನ್ ಕಚೇರಿ ಇರುವುದು ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿ. ರಾಯಚೂರು, ಬೀದರಿನವರು ಅಷ್ಟು ದೂರ ಬರಲೇಬೇಕಿಲ್ಲ. 2021ರ ತಿದ್ದುಪಡಿಯ ನಂತರ ಆನ್‌ಲೈನಿನಲ್ಲೇ ದೂರು ಕೊಡಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅವಕಾಶವಿದೆ.

ಇದು ನನಗೆ ಬಹಳ ನಂಬಿಕೆ ಇರುವ ವ್ಯವಸ್ಥೆ. ಶುಲ್ಕವಿಲ್ಲ. ವಕೀಲರಿಗೆ ಪ್ರವೇಶವಿಲ್ಲ, ನೀವೇ ಮಾತನಾಡಬೇಕು. ಕಂಪನಿಯ ಪ್ರತಿನಿಧಿ ನಿಮ್ಮ ಎದುರು ಕುಳಿತು ಕಾರಣ ಹೇಳಬೇಕು. ಅಗತ್ಯ ದಾಖಲೆಗಳೆಲ್ಲ ಸಿಕ್ಕಿದ ಮೂರು ತಿಂಗಳೊಳಗೆ ತೀರ್ಪು ಬರಬೇಕು. ಆ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಒಪ್ಪಿಗೆಯಾಗದಿದ್ದರೆ ನೀವು ಗ್ರಾಹಕ ಆಯೋಗಕ್ಕೆ ಹೋಗಬಹುದು. ತೀರ್ಪಿನಂತೆ 30 ದಿನದೊಳಗೆ ಹಣ ಕೊಡದಿದ್ದರೆ ಕಂಪನಿ ದೂರುದಾರರಿಗೆ ದಿನಕ್ಕೆ 5,000 ರೂಪಾಯಿ ದಂಡ ತೆರಬೇಕು.

ಷರತ್ತುಗಳೂ ಇವೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು, ಅವರು ನಿರಾಕರಿಸಿರಬೇಕು ಅಥವಾ ಒಂದು ತಿಂಗಳು ಉತ್ತರಿಸದೆ ಇರಬೇಕು. ನಿರಾಕರಣೆ ಬಂದ ಒಂದು ವರ್ಷದೊಳಗೆ ಬರಬೇಕು. ಅದೇ ವಿಷಯ ಕೋರ್ಟಿನಲ್ಲಾಗಲಿ ಗ್ರಾಹಕ ಆಯೋಗದಲ್ಲಾಗಲಿ ನಡೆಯುತ್ತಿರಬಾರದು. ಅವಸರದಲ್ಲಿ ಮೊದಲೇ ಗ್ರಾಹಕ ಆಯೋಗಕ್ಕೆ ಹೋದವರಿಗೆ ಈ ಬಾಗಿಲು ಮುಚ್ಚಿಹೋಗುತ್ತದೆ. ಆದ್ದರಿಂದಲೇ ಹೆಜ್ಜೆಗಳ ಕ್ರಮ ಮುಖ್ಯ.

ಪರಿಹಾರದ ಮಿತಿ 50 ಲಕ್ಷ ರೂಪಾಯಿ. 2023ರ ನವೆಂಬರಿಗೂ ಮೊದಲು ಇದು 30 ಲಕ್ಷವಿತ್ತು. ಅಮೆರಿಕದ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಗಿದ್ದರೆ ಬಿಲ್ಲು ಈ ಮಿತಿಯನ್ನು ದಾಟಬಹುದು. ಅಂಥವರು ಇಲ್ಲಿ ಕಾಯದೆ ಮುಂದಿನ ಹೆಜ್ಜೆಗೆ ಹೋಗುವುದೇ ಸರಿ.

ಹೆಜ್ಜೆ 8: ಗ್ರಾಹಕ ಆಯೋಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಯಾವ ಆಯೋಗಕ್ಕೆ ಹೋಗಬೇಕು ಎನ್ನುವುದು ನೀವು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ನೀವು ಕಟ್ಟಿದ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಕಟ್ಟಿದ್ದರೆ ಜಿಲ್ಲಾ ಆಯೋಗ. ಪ್ರವಾಸ ವಿಮೆಗೆ ನೀವು ಕೊಟ್ಟದ್ದು ಕೆಲವೇ ಸಾವಿರ ಪ್ರೀಮಿಯಂ. ಹಾಗಾಗಿ ಕೋಟಿ ರೂಪಾಯಿಯ ಕ್ಲೇಮಾದರೂ ನಿಮ್ಮ ಜಿಲ್ಲೆಯ ಆಯೋಗದಲ್ಲೇ ಹೂಡಬಹುದು. 5 ಲಕ್ಷದವರೆಗೆ ಪಾವತಿಸಿದ ಪ್ರಕರಣಗಳಿಗೆ ಶುಲ್ಕವಿಲ್ಲ.

ಕಂಪನಿಯ ಮುಖ್ಯ ಕಚೇರಿ ಮುಂಬೈಯಲ್ಲಿದೆ ಎಂಬ ಚಿಂತೆಯೂ ಬೇಡ. ನೀವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡುವ ಹಕ್ಕನ್ನು ಹೊಸ ಕಾಯ್ದೆ ಕೊಟ್ಟಿದೆ. ಶಿವಮೊಗ್ಗದವರು ಶಿವಮೊಗ್ಗದಲ್ಲಿ, ಕಾರವಾರದವರು ಕಾರವಾರದಲ್ಲಿ. 2025ರ ಜನವರಿಯಿಂದ ಇ-ಜಾಗೃತಿ ಪೋರ್ಟಲಿನ ಮೂಲಕ ಮನೆಯಿಂದಲೇ ದಾಖಲಿಸಬಹುದು. ವಕೀಲರು ಕಡ್ಡಾಯವಲ್ಲ. ಆದರೆ ಮೊತ್ತ ದೊಡ್ಡದಿದ್ದು ವೈದ್ಯಕೀಯ ವಾದವಿದ್ದರೆ ಅನುಭವಿ ವಕೀಲರನ್ನು ಇಟ್ಟುಕೊಳ್ಳಿ ಎನ್ನುತ್ತೇನೆ.

ಎರಡು ವರ್ಷದ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ದೂರಿನ ಕಾರಣ ಹುಟ್ಟಿದ ದಿನದಿಂದ, ಅಂದರೆ ಸಾಮಾನ್ಯವಾಗಿ ತಿರಸ್ಕಾರದ ಪತ್ರದ ದಿನದಿಂದ ಎಣಿಕೆ. ಒಂಬುಡ್ಸ್‌ಮನ್ ಬಳಿ ಕಳೆದ ತಿಂಗಳುಗಳನ್ನು ಬಿಟ್ಟು ಎಣಿಸಬಹುದು ಎಂದು ಭಾವಿಸಬೇಡಿ.

ಮೂರರಿಂದ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದೇಶ ನಿಮ್ಮ ಪರ ಬಂದ ಮೇಲೆ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಲು 45 ದಿನ ಕಾಲಾವಕಾಶವಿದೆ. ಹಾಗೆ ಹೋಗಬೇಕಾದರೆ ಆದೇಶದ ಮೊತ್ತದ ಅರ್ಧವನ್ನು ಅದು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಬಂದಿಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅರ್ಜಿಯ ಜೊತೆ ಆದೇಶದ ದೃಢೀಕೃತ ಪ್ರತಿ ಇರಬೇಕು. ಆದೇಶ ಬಂದ ವಾರದಲ್ಲೇ ಎರಡು ಪ್ರತಿ ಪಡೆದು ಒಂದನ್ನು ಮನೆಯಲ್ಲಿಡಿ.